ಕಿತ್ತಳೆ ನೂಲು

ಅವನನ್ನು ಮಣ್ಣು ಮಾಡಿದ ಐದನೆಯ ದಿನ ನಾನು ಕೆಲಸಕ್ಕೆ ಹೊರಟೆ. ಬಂದಿದ್ದ ನೆಂಟರು ಹಿಂದಿನ ಸಂಜೆಯೇ ಹೋಗಿದ್ದರು. ಅತ್ತೆ ಆಗಲೇ ಹೊಸ್ತಿಲ ಹೊರಗೆ ಕುಳಿತು ಬಾಟಲಿಗಳ ಮುಚ್ಚಳ ಬಿಚ್ಚುತ್ತಿದ್ದಳು. ಮುಚ್ಚಳ ಒಂದು ಚೀಲಕ್ಕೆ, ಬಾಟಲಿ ಇನ್ನೊಂದಕ್ಕೆ. ಐದು ದಿನದಲ್ಲಿ ಅವಳ ಮುಂದೆ ರಾಶಿ ಸೊಂಟದೆತ್ತರ ಬೆಳೆದಿತ್ತು.

ಪೆಟ್ಟಿಗೆ ತೆರೆದಾಗ ಕೈ ತಾನಾಗಿಯೇ ಹತ್ತಿ ಬಟ್ಟೆಯನ್ನು ಹುಡುಕಿತು. ಲ್ಯಾಬಿನ ನಿಯಮ ಅದು. ಹತ್ತಿಯಲ್ಲದ ಯಾವ ಬಟ್ಟೆಯನ್ನೂ ತೊಡುವಂತಿಲ್ಲ. ಪಾಲಿಯೆಸ್ಟರ್, ನೈಲಾನ್ ಎಳೆ ಉದುರಿಸುತ್ತವೆ. ಉದುರಿದ ಎಳೆ ತಟ್ಟೆಗೆ ಬಿದ್ದರೆ ಅದು ನದಿಯದೋ ನಮ್ಮ ಮೈಯದೋ ತಿಳಿಯುವುದಿಲ್ಲ. ಗಂಡ ಸತ್ತ ವಾರವೂ ನಾನು ಆ ನಿಯಮ ಮರೆಯಲಿಲ್ಲ. ನಾನು ಎಂಥವಳೆಂದು ತಿಳಿಯಲಿ ಎಂದು ಇದನ್ನೇ ಮೊದಲು ಹೇಳುತ್ತಿದ್ದೇನೆ.

ಅತ್ತೆ ನನ್ನನ್ನು ತಡೆಯಲಿಲ್ಲ. ಹೋಗು, ಇಲ್ಲಿ ಕೂತು ಯಾರ ಮುಖ ನೋಡ್ತೀಯ ಎಂದಳು. ಕೈ ನಿಲ್ಲಿಸಲಿಲ್ಲ.

ನಮ್ಮ ಕೆಲಸವೆಂದರೆ ನದಿಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಷ್ಟಿದೆ ಎಂದು ಅಳೆಯುವುದು. ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಉದ್ದನೆಯ ಬಲೆ ಒಂದಿದೆ. ಅದರ ಕಣ್ಣು ಹಿಟ್ಟಿನ ಜರಡಿಯ ಕಣ್ಣಿಗಿಂತ ಸಣ್ಣದು. ಬೋಟಿನ ಮುಂತುದಿಯಲ್ಲಿ ನಿಂತು, ಬಲೆಯನ್ನು ನೀರಿಗಿಳಿಸಿ, ಹಗ್ಗವನ್ನು ಅರ್ಧ ಗಂಟೆ ಕೈಯಲ್ಲೇ ಹಿಡಿದಿರಬೇಕು. ಆಮೇಲೆ ಎಳೆದೆತ್ತಬೇಕು. ಹೊರಗಿನಿಂದ ನೀರು ಸುರಿದು ಬಲೆಗೆ ಅಂಟಿದ್ದನ್ನೆಲ್ಲ ತುದಿಯ ಡಬ್ಬಿಗೆ ಇಳಿಸಬೇಕು. ಹಾಗೆ ಸುರಿಯುವುದು ಒಂದು ಬಲೆಗೆ ಮೂರು ಸಲ. ದಿನಕ್ಕೆ ಆರು ಜಾಗ. ಅದು ಅವನ ಕೆಲಸ. ಅವನ ಅಂಗೈಯನ್ನು ಹಗ್ಗ ಸೀಳಿತ್ತು. ಸೀಳಿನೊಳಗೆ ಕೆಸರು ಕೂತು ಕಪ್ಪು ಗೆರೆಯಾಗಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಡಬ್ಬಿಯಲ್ಲಿ ಇಳಿದದ್ದನ್ನು ತುಂಬಿದ ಬಾಟಲಿಗಳು ನನ್ನ ಬಳಿ ಬರುತ್ತವೆ. ಎಲೆ, ಪಾಚಿ, ಹುಳುಗಳನ್ನು ರಾಸಾಯನಿಕ ಹಾಕಿ ಕರಗಿಸುತ್ತೇನೆ. ಉಳಿದದ್ದನ್ನು ಉಪ್ಪುನೀರಿಗೆ ಹಾಕಿದರೆ ಮರಳು ತಳಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ ಮೇಲಕ್ಕೆ ಬರುತ್ತದೆ. ಅದನ್ನು ಸೋಸಿ, ತಟ್ಟೆಯಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಎಣಿಸುತ್ತೇನೆ. ಬಣ್ಣ, ಆಕಾರ, ಉದ್ದ ಬರೆಯುತ್ತೇನೆ. ನನ್ನದು ಕುರ್ಚಿಯ ಕೆಲಸ.

ಹಿಡಿಯೋನು ನಾನು, ಬೇಯಿಸೋಳು ನೀನು, ತಿನ್ನೋರು ಮಾತ್ರ ಬೇರೆ ಎಂದು ಅವನು ನಗುತ್ತಿದ್ದ. ವರದಿಯ ಮೇಲೆ ನಮ್ಮಿಬ್ಬರ ಹೆಸರೂ ಇರುತ್ತಿರಲಿಲ್ಲ.

ನಾವಿಬ್ಬರೂ ಹುಟ್ಟಿದ್ದು ಒಂದೇ ಸಾಲಿನಲ್ಲಿ. ನದಿ ದಂಡೆಯ ತಗಡಿನ ಮನೆಗಳ ಸಾಲು ಅದು. ಊರು ಎಸೆದ ಪ್ಲಾಸ್ಟಿಕ್ಕನ್ನು ಹೆಕ್ಕಿ, ತೊಳೆದು, ಬೇರೆ ಮಾಡಿ ಬದುಕುವ ಜನ. ನಾನು ಓದಿದೆ. ವಿಶ್ವವಿದ್ಯಾಲಯದವರೆಗೆ ಹೋದೆ. ಅವನು ಎಂಟನೆಯ ತರಗತಿಗೆ ಬಿಟ್ಟ. ಮದುವೆಗೆ ಕೇಳಿದ್ದು ನಾನೇ. ಅದರಲ್ಲಿ ನನಗೆ ನಾಚಿಕೆಯಿರಲಿಲ್ಲ. ನಾಚಿಕೆ ಶುರುವಾದದ್ದು ಲ್ಯಾಬಿಗೆ ಸೇರಿದ ಮೇಲೆ. ಅಲ್ಲಿ ಯಾರಾದರೂ ನಿಮ್ಮ ಮನೆ ಯಾವ ಕಡೆ ಎಂದರೆ, ಸೇತುವೆ ಆಚೆ ಎನ್ನುತ್ತಿದ್ದೆ. ಸುಳ್ಳಲ್ಲ. ಸೇತುವೆಯ ಆಚೆಯೂ ಹೌದು, ಕೆಳಗೂ ಹೌದು.

ಬಲೆ ಹಿಡಿಯುವ ಕೆಲಸ ಖಾಲಿಯಾದಾಗ ಅವನಿಗೆ ಹೇಳಿದ್ದು ನಾನು. ಒಂದು ಷರತ್ತು ಹಾಕಿದೆ. ನನ್ನ ಗಂಡ ಎಂದು ಅಲ್ಲಿ ಹೇಳಬಾರದು. ಒಂದೇ ಯೋಜನೆಯಲ್ಲಿ ಗಂಡ ಹೆಂಡತಿ ಇರಬಾರದೆಂಬ ನಿಯಮವಿದೆ ಎಂದೆ. ಅಂಥ ನಿಯಮ ಇರಲಿಲ್ಲ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಯ್ತು ಬಿಡು, ಕುಂಟು ಕುರುಡು ಇಲ್ಲದ ಗಂಡನನ್ನೂ ಬಚ್ಚಿಡೋ ಕಾಲ ಬಂತು ಎಂದು ನಕ್ಕ.

ಹೊರಗೆ ಕೆಲಸ ಮಾಡುವವರು ಲ್ಯಾಬಿನೊಳಗೆ ಬರುವಂತಿರಲಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಮೊಳ ಅಗಲದ ಕಿಂಡಿಯಿತ್ತು. ಅವನು ಅದರಿಂದ ಬಾಟಲಿ ಕೊಡುತ್ತಿದ್ದ. ಮೇಡಂ, ಆರು ಬಾಟ್ಲಿ ಎನ್ನುತ್ತಿದ್ದ. ಮೊದಮೊದಲು ತಮಾಷೆಗೆ. ಆಮೇಲೆ ಅದೇ ರೂಢಿಯಾಯಿತು. ಒಂದು ಚಳಿಯ ದಿನ ಪೂರಾ ನೆನೆದು ಬಂದಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ಲೋಟ ಬಿಸಿನೀರು ಸಿಗುತ್ತಾ ಮೇಡಂ ಎಂದ. ಪಕ್ಕದಲ್ಲಿ ಜೊತೆಯವರಿದ್ದರು. ಹೊರಗಡೆ ನಲ್ಲಿ ಇದೆ ಎಂದೆ.

ನಲ್ಲಿಯಲ್ಲಿ ಬರುತ್ತಿದ್ದುದು ತಣ್ಣೀರು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಸೇರಿದ ನಾಲ್ಕನೆಯ ತಿಂಗಳು ನನ್ನ ತಟ್ಟೆಗಳಲ್ಲಿ ಕಿತ್ತಳೆ ಬಣ್ಣದ ನೂಲು ಕಾಣಿಸತೊಡಗಿತು. ಒಂದರಲ್ಲಿ ಹದಿನಾಲ್ಕು, ಇನ್ನೊಂದರಲ್ಲಿ ಒಂಬತ್ತು, ಮತ್ತೊಂದರಲ್ಲಿ ಹದಿನೇಳು. ಶುದ್ಧ ನೀರಿನ ಒಂದು ಬಾಟಲಿಯನ್ನೂ ನಾವು ಬೋಟಿನಲ್ಲಿ ಕಳಿಸುತ್ತೇವೆ. ಅಲ್ಲಿ ಅದನ್ನು ಸುಮ್ಮನೆ ತೆರೆದಿಟ್ಟು ಮತ್ತೆ ಮುಚ್ಚುತ್ತಾರೆ. ಅದಕ್ಕೆ ನದಿ ಸೋಕುವುದಿಲ್ಲ. ಅದರಲ್ಲೂ ಕಿತ್ತಳೆ ಬಂತು. ಅಂದರೆ ನೂಲು ನದಿಯದಲ್ಲ, ಬೋಟಿನದು. ಆಫೀಸಿನವರಿಂದ ಬೋಟ್ ಡ್ರೈವರನನ್ನು ಕೇಳಿಸಿದೆ. ಬಲೆಯವನು ಕಿತ್ತಳೆ ಲೈಫ್ ಜಾಕೆಟ್ ಹಾಕುತ್ತಾನೆ, ಹಳೆಯದು, ಭುಜದ ಹತ್ತಿರ ಸವೆದಿದೆ ಎಂದು ತಿಳಿಯಿತು.

ಸಂಸ್ಥೆ ಕೊಟ್ಟಿರಬೇಕು ಎಂದುಕೊಂಡೆ. ಅವನನ್ನು ಕೇಳಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದವನನ್ನು ಕೇಳಲಿಲ್ಲ. ಟಿಪ್ಪಣಿ ಬರೆದೆ. ನಾಲ್ಕು ಸಾಲು. ಕಿತ್ತಳೆ ನೂಲಿನ ಮೂಲ ಬಲೆಯವನ ಜಾಕೆಟ್. ಮಾದರಿ ಕೆಡುತ್ತಿದೆ. ಮೂಲವನ್ನು ತೆಗೆಯಬೇಕು. ಬಲೆಯವನು ಹತ್ತಿ ಬಟ್ಟೆ ಮಾತ್ರ ತೊಡಬೇಕು.

ಬೇರೆ ದಾರಿ ಇತ್ತು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ಓದಿದ್ದೆ. ಜಾಕೆಟ್ಟಿನಿಂದ ಒಂದು ಎಳೆ ಕಿತ್ತು ಗಾಜಿನ ಮೇಲಿಟ್ಟುಕೊಂಡು, ಅದನ್ನು ಹೋಲುವ ನೂಲನ್ನೆಲ್ಲ ಎಣಿಕೆಯಿಂದ ಬಿಡುತ್ತಾ ಹೋದರೆ ಆಯಿತು. ವರದಿಯಲ್ಲಿ ಒಂದು ಸಾಲು ಹೆಚ್ಚು. ನನಗೆ ದಿನಕ್ಕೆ ಮೂರು ಗಂಟೆ ಹೆಚ್ಚು. ನನಗೆ ಅವಸರವಿತ್ತು. ಸಭೆಯಲ್ಲಿ ಲ್ಯಾಬಿನ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಮೇಡಂ ಎನ್ನುವವರು, ಇಂಥ ಸೂಕ್ಷ್ಮ ಕಣ್ಣು ಎಲ್ಲರಿಗೂ ಇರಬೇಕು ಎಂದು ನನ್ನನ್ನು ಹೊಗಳಿದರು. ಆ ದಿನ ಸಂತೋಷದಲ್ಲಿ ಮನೆಗೆ ಹೋದೆ.

ಮರುದಿನದಿಂದ ಕಿತ್ತಳೆ ಸೊನ್ನೆ. ಅವನು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವನಿಗೆ ಈಜು ಬರುತ್ತಿರಲಿಲ್ಲ. ನಮ್ಮ ಸಾಲಿನಲ್ಲಿ ಯಾರಿಗೂ ಬರುವುದಿಲ್ಲ. ನಮ್ಮ ದಂಡೆಯ ನೀರಿಗೆ ಇಳಿದವರ ಮೈಮೇಲೆ ಹುಣ್ಣು ಏಳುತ್ತದೆ. ಮಕ್ಕಳನ್ನು ಇಳಿಯಲು ಬಿಡುವುದಿಲ್ಲ.

ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ, ಏರಿದ ನೀರಿನ ಮಾದರಿಯೂ ಬೇಕೆಂದು ಅವರನ್ನು ಕಳಿಸಿದರು. ಬಲೆಗೆ ಒಂದು ಮರದ ಕೊಂಬೆ ಸಿಕ್ಕಿತು. ಹಗ್ಗ ಅವನ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಬಲೆ ಅವನನ್ನು ಎಳೆಯಿತು. ಸಂಜೆಯೊಳಗೆ ಬಲೆ ಸಿಕ್ಕಿತು. ತುದಿಯ ಡಬ್ಬಿಯೂ ಸಿಕ್ಕಿತು. ಅವನು ಮರುದಿನ ಸಿಕ್ಕ.

ಐದನೆಯ ದಿನ ನಾನು ಲ್ಯಾಬಿಗೆ ಹೋದಾಗ ಆ ಡಬ್ಬಿಯಲ್ಲಿದ್ದದ್ದನ್ನು ಯಾರೋ ಕರಗಿಸಿ, ಸೋಸಿ, ತಟ್ಟೆಯಲ್ಲಿಟ್ಟಿದ್ದರು. ತಟ್ಟೆ ನನ್ನ ಮೇಜಿನ ಮೇಲಿತ್ತು. ಮಾದರಿ ಹಾಳಾಗಿಲ್ಲ ಎಂದು ಚೀಟಿ ಅಂಟಿಸಿದ್ದರು. ಇದನ್ನು ನೀನು ಮಾಡಬೇಡ, ಬೇರೆಯವರು ಮಾಡುತ್ತಾರೆ ಎಂದು ಜೊತೆಯವಳು ಮೆಲ್ಲಗೆ ಹೇಳಿದಳು. ನಾನು ಕುಳಿತೆ. ನೀಲಿ ನೂಲು ಇಪ್ಪತ್ತೆರಡು. ಪಾರದರ್ಶಕ ಚೂರು ನಲವತ್ತು. ಕಪ್ಪು ಹನ್ನೊಂದು. ಕಿತ್ತಳೆ ಕಾಲಂ ಬಂತು. ಮೂರು ಸಲ ನೋಡಿದೆ. ಸೊನ್ನೆ ಬರೆದೆ.

ಇಡೀ ವರ್ಷದಲ್ಲಿ ಅಷ್ಟು ಚೊಕ್ಕವಾದ ಮಾದರಿ ಬಂದಿರಲಿಲ್ಲ.

ಮಧ್ಯಾಹ್ನ ದೊಡ್ಡ ಮೇಡಂ ಕೋಣೆಗೆ ಕರೆಸಿದರು. ನನ್ನ ಕೈ ಹಿಡಿದುಕೊಂಡರು. ಅವನು ನನ್ನ ಗಂಡನೆಂದು ಅವರಿಗೆ ತಿಳಿದದ್ದು ಅವನ ಹೆಣ ಸಿಕ್ಕ ದಿನ, ನಾನು ದಂಡೆಯಲ್ಲಿ ಕುಸಿದಾಗ. ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದರು. ಅದರಲ್ಲಿ ಬೈಗುಳವಿರಲಿಲ್ಲ. ಆಮೇಲೆ ಒಂದು ಹಾಳೆ ಮುಂದಿಟ್ಟರು. ನಾಳೆ ಕಾರ್ಮಿಕ ಇಲಾಖೆಯಿಂದ ತನಿಖೆಗೆ ಬರುತ್ತಾರೆ, ಹೆಂಡತಿಯ ಹೇಳಿಕೆ ಬೇಕು, ನಿನಗೆ ಕಷ್ಟವಾಗದಿರಲಿ ಎಂದು ನಾವೇ ಬರೆಸಿದ್ದೇವೆ ಎಂದರು.

ಓದಿದೆ. ಸಂಸ್ಥೆಯು ಒದಗಿಸಿದ ಲೈಫ್ ಜಾಕೆಟನ್ನು ಧರಿಸದಿರುವುದು ಮೃತನ ರೂಢಿಯಾಗಿತ್ತು. ಹಲವು ಬಾರಿ ಎಚ್ಚರಿಸಿದರೂ ಕೇಳಲಿಲ್ಲ. ಈ ಸಂಗತಿ ನನಗೆ ತಿಳಿದಿತ್ತು.

ಜಾಕೆಟ್ ತೆಗೆಸಿ ಎಂಬ ನನ್ನ ಟಿಪ್ಪಣಿ ಇದೆಯಲ್ಲ ಎಂದೆ.

"ಅದು ಈಗ ಫೈಲಲ್ಲಿ ಇಲ್ಲ. ನಿನಗೋಸ್ಕರವೇ ತೆಗೆದೆ. ಕೆಳಗೆ ನಿನ್ನ ಸಹಿ ಇತ್ತು, ಗೊತ್ತಲ್ಲ?"

ದಂಡೆಯವರಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು ಎಂದೂ ಅವರು ಹೇಳಿದರು. ನನ್ನ ಕೆಲಸ ಕಾಯಂ ಆಗುತ್ತದೆ, ಅದು ತಮ್ಮ ಜವಾಬ್ದಾರಿ ಎಂದರು.

ಆ ಕ್ಷಣ ನನಗೆ ಸಿಟ್ಟು ಬಂತು ಎಂದು ಬರೆಯಬಹುದು. ಬರಲಿಲ್ಲ. ನೆಮ್ಮದಿಯಾಯಿತು. ನಾಲ್ಕು ಸಾಲಿನ ಆ ಹಾಳೆ ಲೋಕದಲ್ಲಿ ಇಲ್ಲ, ಅತ್ತೆಗೆ ತಿಳಿಯುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದು ಎದೆ ಹಗುರವಾಯಿತು. ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಸಹಿಯ ಜಾಗ ಸಿಗದೆ ಹಾಳೆಯನ್ನು ಎರಡು ಸಲ ತಿರುಗಿಸಿದೆ. ನಾಳೆ ಬೆಳಿಗ್ಗೆ ಕೊಟ್ಟರೂ ನಡೆಯುತ್ತದೆ, ಮನೆಗೆ ಹೋಗು ಎಂದು ಅವರೇ ಹೇಳಿ ಕಳಿಸಿದರು. ನಾನು ಸಹಿ ಹಾಕದೆ ಬಂದದ್ದು ಧೈರ್ಯದಿಂದಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ರಾಶಿ ಮುಗಿಸಿ ಕೈ ತೊಳೆಯುತ್ತಿದ್ದಳು. ಪಕ್ಕದ ತಗಡಿನ ಶೆಡ್ಡಿಗೆ ಹೋಗಿ ಒಂದು ಗೋಣಿಚೀಲ ತಂದು ನನ್ನ ಮುಂದಿಟ್ಟಳು. ಬಾಯಿ ಬಿಚ್ಚಿದರೆ ಕಿತ್ತಳೆ.

"ಇದು ಕಡವಿನಲ್ಲಿ ಜನಾನ ದಾಟಿಸ್ತಾಳಲ್ಲ, ಆ ದೋಣಿಯಕ್ಕನದು. ಅವನು ಕೇಳಿ ಇಸ್ಕೊಂಡು ಬಂದಿದ್ದು. ಕೊಟ್ಟುಬಿಡಬೇಕು."

ಸಂಸ್ಥೆಯದಲ್ಲವಾ ಎಂದೆ. ಅವರು ಏನು ಕೊಟ್ಟರು, ಹಗ್ಗ ಕೊಟ್ಟರು ಎಂದಳು. ಮೂರು ತಿಂಗಳು ಜಾಕೆಟ್ ಕೇಳಿ ಕೇಳಿ ಸಾಕಾಗಿ ಅವನು ದೋಣಿಯಕ್ಕನ ಕಾಲು ಹಿಡಿದಿದ್ದನಂತೆ.

ಶೆಡ್ಡಿನಲ್ಲಿ ಯಾಕಿತ್ತು ಎಂದೆ. ಮನೆಯೊಳಗೆ ತಂದರೆ ಅದರ ಎಳೆ ನಿನ್ನ ಬಟ್ಟೆಗೆ ಅಂಟುತ್ತದೆಂದು ಅವನೇ ಅಲ್ಲಿಟ್ಟಿದ್ದ ಎಂದಳು. ಒರೆಸಿದ ಕೈಯನ್ನು ಮತ್ತೆ ಒರೆಸಿಕೊಂಡಳು.

"ಆಮೇಲೆ ಒಂದಿನ ತೆಗೆದಿಟ್ಟುಬಿಟ್ಟ. ಯಾಕೋ ಅಂದೆ. ಇದು ಹಾಕ್ಕೊಂಡ್ರೆ ಅವಳ ಲೆಕ್ಕ ಕೆಡುತ್ತಂತೆ ಅಮ್ಮ, ಸ್ವಲ್ಪ ದಿನ, ಅವಳದು ಮುಗಿದ್ಮೇಲೆ ಮತ್ತೆ ಹಾಕ್ಕೊತೀನಿ ಅಂದ. ಅದೇನು ಲೆಕ್ಕನೇ ಅದು?"

ಅವಳು ಚುಚ್ಚಲು ಕೇಳಲಿಲ್ಲ. ನಿಜವಾಗಿ ತಿಳಿಯಲು ಕೇಳಿದಳು. ಅವಳಿಗೆ ಅಷ್ಟು ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ನನ್ನ ತಲೆ ಸವರಿದ್ದಳು, ನನಗೆ ಉಣ್ಣಿಸಿದ್ದಳು, ಬೆಳಿಗ್ಗೆ ಕೆಲಸಕ್ಕೆ ಹೋಗು ಎಂದಿದ್ದಳು. ನಾನು ಬಾಯಿ ತೆರೆದೆ. ನೂಲು ಎಂದರೇನು, ಶುದ್ಧ ನೀರಿನ ಬಾಟಲಿ ಎಂದರೇನು ಎಂದು ಹೇಳಲು ಹೊರಟೆ. ಅರ್ಧಕ್ಕೆ ನಿಲ್ಲಿಸಿದೆ. ಹಾಗೆ ಬರೆದುಕೊಟ್ಟವಳು ನಾನು, ನನ್ನ ಹೆಸರಿನಲ್ಲಿ ಎಂದೆ. ಅತ್ತೆ ಗೋಣಿಚೀಲವನ್ನು ಮಡಿಸಿದಳು. ಒಂದು ಸಲ, ಎರಡು ಸಲ, ಇನ್ನು ಮಡಿಸಲಾಗದಷ್ಟು.

"ಅವನಿಗೆ ಬಾಯಲ್ಲಿ ಹೇಳಬಾರದಿತ್ತಾ. ಪಕ್ಕದಲ್ಲೇ ಇದ್ದನಲ್ಲ."

ಅಷ್ಟೇ ಅಂದಳು. ಎದ್ದು ಒಳಗೆ ಹೋದಳು.

ಮರುದಿನ ತನಿಖೆಯವರು ಬಂದರು. ಸುಸ್ತಾದ ಮುಖದ ಒಬ್ಬ ನಡುವಯಸ್ಸಿನವರು, ಹಳೆ ಚೀಲ. ದೊಡ್ಡ ಮೇಡಂ ಕೋಣೆಯಲ್ಲಲ್ಲ, ಲ್ಯಾಬಿನಲ್ಲೇ ಮಾತಾಡಬೇಕೆಂದು ನಾನು ಕೇಳಿದೆ. ಹಾಳೆ ಎಲ್ಲಿ ಎಂದು ಮೇಡಂ ಕಣ್ಣಲ್ಲೇ ಕೇಳಿದರು. ನಾನು ಬೀರುವಿನಿಂದ ಎಣಿಕೆಯ ಪುಸ್ತಕ ತೆಗೆದೆ. ಅದರ ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ. ಹರಿಯುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆಯಬಹುದು, ಅಳಿಸುವಂತಿಲ್ಲ. ಫೈಲಿನಿಂದ ಹಾಳೆ ತೆಗೆಯಬಹುದು. ಇದರಿಂದ ಆಗುವುದಿಲ್ಲ.

ಇದೇನಮ್ಮ, ದಾರದ ಲೆಕ್ಕವಾ ಎಂದರು ಅವರು. ಹೌದು, ಕೂತು ನೋಡಿ ಎಂದೆ.

ಕಿತ್ತಳೆ ಕಾಲಮ್ಮಿನ ಮೇಲೆ ಬೆರಳಿಟ್ಟು ತೋರಿಸಿದೆ. ಮೊದಲ ಮೂರು ತಿಂಗಳು ಸೊನ್ನೆ. ಆಗ ಅವನಿಗೆ ಜಾಕೆಟ್ಟೇ ಇರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಆಮೇಲೆ ಹದಿನಾಲ್ಕು, ಒಂಬತ್ತು, ಹದಿನೇಳು, ಹನ್ನೊಂದು. ಎರಡು ತಿಂಗಳು ಒಂದು ದಿನವೂ ತಪ್ಪಿಲ್ಲ. ಅಂದರೆ ಅವನು ಒಂದು ದಿನವೂ ಜಾಕೆಟ್ ಬಿಟ್ಟು ಬೋಟು ಹತ್ತಲಿಲ್ಲ. ಅವನ ರೂಢಿ ಇದು. ಆಮೇಲೆ ಈ ಪುಟದ ಅಂಚಿನಲ್ಲಿ ನಾಲ್ಕು ಸಾಲು. ಟಿಪ್ಪಣಿಯ ಕರಡು. ನನ್ನ ಕೈಬರಹ. ಮರುದಿನದಿಂದ ಸೊನ್ನೆ. ಕೊನೆಯ ಪುಟದ ಕೊನೆಯ ಸೊನ್ನೆ ನಿನ್ನೆ ಬರೆದದ್ದು.

ದೊಡ್ಡ ಮೇಡಂ ಎದ್ದು ನಿಂತಿದ್ದರು. "ನೀನು ಏನು ಮಾಡ್ತಿದ್ದೀಯ ಗೊತ್ತಾ? ಮೊದಲು ಸಿಕ್ಕಿ ಬೀಳೋಳು ನೀನೇ."

"ಸಿಕ್ಕಿ ಬೀಳ್ಬೇಕಾದೋಳೇ ನಾನು. ಆದರೆ ಒಬ್ಬಳೇ ಅಲ್ಲ. ಬರೆದಿದ್ದು ನಾನು, ಜಾಕೆಟ್ ತೆಗೆಸಿದ್ದು ನೀವು."

ಅವರು ಬರೆಸಿದ್ದ ಹಾಳೆಯನ್ನು ತಿರುಗಿಸಿ ಖಾಲಿ ಬದಿಯಲ್ಲಿ ನನ್ನ ಹೇಳಿಕೆ ಬರೆದೆ. ಆರು ಸಾಲು. ಸಹಿ ಹಾಕಿದೆ. ಆಗ ಹಿಂದಿನ ಕಿಂಡಿಯಿಂದ ಒಂದು ಕೆಮ್ಮು ಕೇಳಿಸಿತು. ಬೋಟ್ ಡ್ರೈವರ್ ಹೊರಗೆ ನಿಂತಿದ್ದ. ಕಿಂಡಿಯಲ್ಲಿ ಅವನ ಗದ್ದ ಮಾತ್ರ ಕಾಣುತ್ತಿತ್ತು.

"ಆ ಕಿತ್ತಳೇದು ತೆಗಿ, ಇಲ್ಲಾಂದ್ರೆ ಬೋಟು ಹತ್ತಬೇಡ ಅಂತ ಆಫೀಸಿಂದ ಬಂದು ಹೇಳಿದ್ರು ಸಾರ್. ನಾನೂ ಅಲ್ಲೇ ಇದ್ದೆ. ನನ್ನದೂ ಬರ್ಕೊಳಿ."

ತನಿಖೆಯವರು ಹೊರಗೆ ಹೋಗಿ ಅವನ ಹೇಳಿಕೆಯನ್ನೂ ಬರೆದುಕೊಂಡರು. ತನಿಖೆ ಮುಗಿಯುವವರೆಗೆ ನಾನು ಬರಬೇಕಿಲ್ಲ ಎಂದು ಅಂದೇ ಆದೇಶವಾಯಿತು. ಮಧ್ಯಾಹ್ನದ ಹೊತ್ತಿಗೆ, ಜಾಕೆಟ್ ಬರುವ ತನಕ ಯಾರೂ ಬೋಟು ಹತ್ತುವಂತಿಲ್ಲ ಎಂದೂ ಬರೆದು ಅಂಟಿಸಿದರಂತೆ. ನನಗೆ ಅದರಿಂದ ಹಗುರವಾಗಲಿಲ್ಲ. ಎರಡೂವರೆ ತಿಂಗಳು ತಡವಾಗಿತ್ತು.

ಮನೆಗೆ ಹೋಗಿ ಜಾಕೆಟ್ ತೆಗೆದುಕೊಂಡೆ. ಚೀಲಕ್ಕೆ ಹಾಕಲಿಲ್ಲ. ತೋಳಿನ ಮೇಲೆ ಹಾಕಿಕೊಂಡು ಸಾಲಿನುದ್ದಕ್ಕೂ ನಡೆದೆ. ಕಡವು ನದಿಯ ಮೇಲ್ಭಾಗದಲ್ಲಿದೆ, ಅರ್ಧ ಗಂಟೆಯ ದಾರಿ. ಹತ್ತಿ ಬಟ್ಟೆಯ ಮೇಲೆಲ್ಲ ಕಿತ್ತಳೆ ಎಳೆ ಅಂಟಿತು. ಕೊಡವಲಿಲ್ಲ.

ದೋಣಿಯಕ್ಕ ದಪ್ಪನೆಯ ಹೆಂಗಸು. ಮಗುಚಿದ ಡ್ರಮ್ಮಿನ ಮೇಲೆ ಕುಳಿತು, ಹತ್ತುವವರಿಗೆ ಒಂದೊಂದೇ ಜಾಕೆಟ್ ಎಸೆಯುತ್ತಿದ್ದಳು. ಸೆಖೆ ಎಂದ ಒಬ್ಬನಿಗೆ, ಹಂಗಾದ್ರೆ ಈಜ್ಕೊಂಡು ಬಾರಯ್ಯ, ತಂಪಾಗಿರುತ್ತೆ ಎನ್ನುತ್ತಿದ್ದಳು. ನನ್ನ ತೋಳಿನ ಮೇಲಿದ್ದದ್ದನ್ನು ದೂರದಿಂದಲೇ ಗುರುತಿಸಿದಳು.

"ಬಂತಾ ಅಂತೂ. ಒಂದು ವಾರಕ್ಕೆ ಅಂತ ಇಸ್ಕೊಂಡೋನು. ಎಲ್ಲಿ ಆ ಗುಂಡುಕಲ್ಲು? ನೀರಿಗೆ ಬಿದ್ರೆ ಕಲ್ಲಿನ ಥರ ಹೋಗ್ತೀನಿ ಅಕ್ಕಾ ಅಂತ ಅವನೇ..."

ನನ್ನ ಮುಖ ನೋಡಿ ನಿಲ್ಲಿಸಿದಳು. ಕೆಳಗಿನ ದಂಡೆಯಲ್ಲಿ ಯಾರೋ ಹೋದರೆಂದು ಅವಳ ಕಿವಿಗೂ ಬಿದ್ದಿತ್ತು. ಯಾರೆಂದು ತಿಳಿದಿರಲಿಲ್ಲ.

"ನೀನು ಯಾರಮ್ಮ?"

"ಅವನ ಹೆಂಡತಿ."

ಏಳೂವರೆ ತಿಂಗಳಲ್ಲಿ ಈ ಮಾತು ಹೊರಗಿನವರೆದುರು ನನ್ನ ಬಾಯಿಂದ ಬಂದದ್ದು ಮೊದಲ ಸಲ. ದೋಣಿಯಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ದೋಣಿಯಕ್ಕ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡಳು.

"ಇದನ್ನ ಹಾಕ್ಕೊಂಡಿರಲಿಲ್ವಾ?"

"ಇಲ್ಲ. ನಾನೇ ಬೇಡ ಅಂದೆ. ನನ್ನ ಕೆಲಸ ಕೆಡುತ್ತೆ ಅಂತ."

ಅವಳು ಬಯ್ಯುತ್ತಾಳೆ ಎಂದು ಕಾದೆ. ಬೈದರೆ ಒಳ್ಳೆಯದಿತ್ತು. ಅವಳು ನನ್ನ ಕೈಯಿಂದ ಜಾಕೆಟ್ ತೆಗೆದುಕೊಂಡಳು. ಒಂದು ಸಲ ಕೊಡವಿದಳು. ಮೂರು ಬಕಲುಗಳನ್ನೂ ಹಾಕಿ, ಎಳೆದು, ಬಿಚ್ಚಿ ನೋಡಿದಳು. ಭುಜದ ಸವೆದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಆಮೇಲೆ ದೋಣಿಯ ಕಡೆ ನೋಡಿದಳು. ತುದಿಯಲ್ಲಿ ಒಬ್ಬ ಹೆಂಗಸು ಜಾಕೆಟ್ ಇಲ್ಲದೆ ನಿಂತಿದ್ದಳು. ದೋಣಿಯಕ್ಕ ನೀರಿಗಿಳಿದು ಹೋಗಿ ಅವಳ ತಲೆಯ ಮೇಲಿಂದ ಅದನ್ನು ಇಳಿಸಿದಳು. ಪಟ್ಟಿಯನ್ನು ಜೋರಾಗಿ ಎಳೆದಳು. ಆ ಹೆಂಗಸಿಗೆ ಉಸಿರು ಕಟ್ಟಿತು.

"ಅಕ್ಕಾ, ಬಿಗಿಯಾಯ್ತು."

"ಇರ್ಲಿ ಬಿಡು," ಎಂದಳು ದೋಣಿಯಕ್ಕ. ನನ್ನ ಕಡೆ ತಿರುಗಲಿಲ್ಲ. ಕೋಲು ಊರಿ ದೋಣಿಯನ್ನು ದಂಡೆಯಿಂದ ತಳ್ಳಿದಳು.